ಕಂಬಳಿ ಕಟ್ಟಿದ ಕೋಣೆಯಲ್ಲಿ ಭಯದ ಸಿನಿಮಾ: ಹೊಸದಾಗಿ ನೋಡುವವರಿಗೆ ಮಾರ್ಗದರ್ಶಿ

ಕೊಪ್ಪಳದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಏಳೆಂಟು ಜನ ಸೇರಿ ಅಪರೂಪದ ಭಯದ ಸಿನಿಮಾಗಳನ್ನು ನೋಡುವ ವಿಷಯವನ್ನು ಹಿಂದೆ ಒಂದೆರಡು ಸಲ ಬರೆದಿದ್ದೆ. ಆಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯಿಂದ ಬರುತ್ತಿರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವುದರಿಂದ ಶುರು ಮಾಡಬೇಕು? ಎಲ್ಲಿ ಸಿಗುತ್ತವೆ? ಇಂಗ್ಲಿಷ್ ಬಾರದ ಮನೆಯವರಿಗೆ ತೋರಿಸುವುದು ಹೇಗೆ? ಇವುಗಳ ಜೊತೆಗೆ ಒಂದು ದೂರು ಕೂಡ ಇರುತ್ತದೆ: "ನೀವು ಹೇಳಿದ ಸಿನಿಮಾ ಹಾಕಿದೆವು, ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಎದ್ದು ಹೋದರು." ಈ ಬರಹ ಮುಖ್ಯವಾಗಿ ಆ ದೂರಿಗೆ ಉತ್ತರ.

ಇಂಥ ಚಿತ್ರಗಳು ಸೋಲುವುದು ಹೆಚ್ಚಾಗಿ ನೋಡುವ ಕೋಣೆಯಲ್ಲಿ ಎಂಬುದು ನನ್ನ ಅನುಭವ. ಟ್ಯೂಬ್‌ಲೈಟ್ ಉರಿಯುತ್ತಿದ್ದು, ಕೈಯಲ್ಲಿ ಮೊಬೈಲ್ ಇದ್ದು, ಸಂಭಾಷಣೆಗಿಂತ ಫ್ಯಾನಿನ ಸದ್ದೇ ದೊಡ್ಡದಾಗಿದ್ದರೆ ಎಷ್ಟು ಒಳ್ಳೆಯ ಭಯಚಿತ್ರವೂ ಸಪ್ಪೆಯಾಗುತ್ತದೆ. ಹಾಡು, ಹೊಡೆದಾಟ ಇರುವ ಸಿನಿಮಾ ಈ ಗದ್ದಲವನ್ನು ತಾಳಿಕೊಳ್ಳುತ್ತದೆ. ಭಯದ ಸಿನಿಮಾ ತಾಳಿಕೊಳ್ಳುವುದಿಲ್ಲ, ಏಕೆಂದರೆ ಅದರ ಅರ್ಧ ಕೆಲಸ ನಡೆಯುವುದು ಕಿವಿಯಲ್ಲಿ. ಹಾಗಾಗಿ ಸಿನಿಮಾದ ಹೆಸರಿಗಿಂತ ಮೊದಲು ಕೋಣೆಯ ಬಗ್ಗೆ ಹೇಳುತ್ತೇನೆ.

ಅದಕ್ಕೂ ಮುಂಚೆ ಒಂದು ಪದ. "ಕಲ್ಟ್ ಚಿತ್ರ" ಎಂದರೆ ಬಿಡುಗಡೆಯಾದಾಗ ಎಲ್ಲರನ್ನೂ ಮುಟ್ಟದೆ, ಆಮೇಲೆ ಒಂದು ಸಣ್ಣ ಗುಂಪಿನ ಗಟ್ಟಿ ಪ್ರೀತಿಯಿಂದ ಬದುಕಿ ಉಳಿದ ಚಿತ್ರ. ಮರಾಠಿ ನೆಲದ ಕಥೆಯ ಹಿಂದಿ ಚಿತ್ರ 'ತುಂಬಾಡ್' 2018ರಲ್ಲಿ ಬಂದಾಗ ಸಾಧಾರಣವಾಗಿ ಓಡಿತು. ನೋಡಿದವರು ಬಾಯಿಂದ ಬಾಯಿಗೆ ಹೇಳುತ್ತಲೇ ಇದ್ದರು. 2024ರಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಗೆದ್ದ ಚಿತ್ರಕ್ಕೂ ಈ ಮಾತು ಸಲ್ಲುವುದುಂಟು. 1995ರ 'ಓಂ' ವರ್ಷಗಟ್ಟಲೆ ಮತ್ತೆ ಮತ್ತೆ ತೆರೆಗೆ ಬಂದದ್ದನ್ನು ಕಂಡ ಕನ್ನಡಿಗರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಿಲ್ಲ.

ಬೇಕಾಗುವುದು ಹೆಚ್ಚೇನಿಲ್ಲ. ಒಂದು ಟಿವಿ ಅಥವಾ ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಬೇರೆಯಾಗಿ ಇಡಬಹುದಾದ ಒಂದು ಜೊತೆ ಸ್ಪೀಕರ್, ಎರಡು ಮೂರು ಕಂಬಳಿ, ಒಂದು ಜಮಖಾನ, ಒಂದು ನೋಟ್‌ಬುಕ್.

1. ಜನ ಎಷ್ಟು, ಯಾರು

ಮೂರರಿಂದ ಎಂಟು ಜನ ಸಾಕು. ಒಬ್ಬರೇ ನೋಡಿದರೆ ಅರ್ಧಕ್ಕೆ ನಿಲ್ಲಿಸುವ ಆಸೆ ಬರುತ್ತದೆ. ಹತ್ತು ಮೀರಿದರೆ ಮಾತು ಶುರುವಾಗುತ್ತದೆ.

ಕರೆಯುವಾಗಲೇ ಚಿತ್ರ ಎಂಥದ್ದು, ಎಷ್ಟು ಹೊತ್ತಿನದು, ರಕ್ತ, ಹಿಂಸೆ, ನಗ್ನತೆ ಇದೆಯೇ ಎಂಬುದನ್ನು ಹೇಳಿಬಿಡಿ. ಕಥೆ ಹೇಳಬೇಡಿ. ಈಚೆಗೆ ಮನೆಯವರನ್ನು ಕಳೆದುಕೊಂಡವರನ್ನು, ಬಸುರಿಯರನ್ನು ಒತ್ತಾಯ ಮಾಡಿ ಕೂರಿಸಬೇಡಿ. ಮೂರ್ಛೆರೋಗ ಇರುವವರು ಬೆಳಕು ಪಟಪಟನೆ ಮಿನುಗುವ ಚಿತ್ರಗಳಿಂದ ದೂರ ಇರಬೇಕು. ಇದನ್ನು ಕೇಳಿ ತಿಳಿದುಕೊಳ್ಳುವುದಕ್ಕೆ ಸಂಕೋಚಪಡಬೇಡಿ.

ಮಕ್ಕಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಈಗ ಚಿತ್ರಗಳಿಗೆ ಯುಎ 7+, ಯುಎ 13+, ಯುಎ 16+ ಎಂಬ ವಯಸ್ಸಿನ ಗುರುತು ಇದೆ; ಒಟಿಟಿಯಲ್ಲೂ, ಅಂದರೆ ಇಂಟರ್ನೆಟ್ ಮೂಲಕ ಚಿತ್ರ ತೋರಿಸುವ ಸೇವೆಗಳಲ್ಲೂ, ಇಂಥ ಗುರುತು ಮೊದಲೇ ಕಾಣುತ್ತದೆ. ಅದನ್ನು ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಮೊದಲು ನೀವೊಬ್ಬರೇ ಪೂರ್ತಿ ನೋಡಿ, ಆಮೇಲೆ ಮಕ್ಕಳನ್ನು ಕೂರಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ದೆವ್ವ, ಗಾಳಿ, ಸೋಂಕು ನಂಬುವ ಹಿರಿಯರು ಇದ್ದೇ ಇರುತ್ತಾರೆ. ಅವರ ಎದುರು ನಗಬೇಡಿ. ಅವರು ಹೇಳುವ ಕಥೆ ಕೇಳಿದರೆ ನಿಮಗೆ ಚಿತ್ರ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಲ್ಲುಮನೆಗಳಲ್ಲಿ ಗಿಡ್ಡ ಜನರಿದ್ದರು ಎಂಬ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದವರಿಗೆ "ಜಾನಪದ ಭಯಚಿತ್ರ" ಎಂಬ ಇಡೀ ಬಗೆಯೇ ತನ್ನದು ಅನ್ನಿಸುತ್ತದೆ. ಹಳ್ಳಿ, ಹೊಲ, ಹಳೆಯ ನಂಬಿಕೆ, ಹೊರಗಿನಿಂದ ಬಂದ ಒಬ್ಬ ಅಪರಿಚಿತ: ಇವಿಷ್ಟರಿಂದ ಭಯ ಹುಟ್ಟಿಸುವ ಚಿತ್ರಗಳಿಗೆ ಆ ಹೆಸರು.

2. ಕೋಣೆಯನ್ನು ಕತ್ತಲು ಮಾಡುವುದು

ಕಿಟಕಿಗೆ ಹಾಕುವ ತೆಳು ಪರದೆ ಸಾಲುವುದಿಲ್ಲ. ಬೀದಿದೀಪದ ಬೆಳಕು ಅದರಿಂದ ಸೋರಿ ತೆರೆಯ ಕಪ್ಪನ್ನು ಬೂದಿ ಬಣ್ಣ ಮಾಡುತ್ತದೆ. ನಮ್ಮ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿಯನ್ನು ಕಿಟಕಿಯ ಚೌಕಟ್ಟಿನ ಮೇಲಿಂದ ಇಳಿಬಿಡಿ. ಇದರಲ್ಲಿ ಎರಡು ಲಾಭ. ಬೆಳಕು ನಿಲ್ಲುತ್ತದೆ, ಸದ್ದಿನ ಮಾರ್ದನಿಯೂ ಕಡಿಮೆಯಾಗುತ್ತದೆ. ಕಾಂಕ್ರೀಟ್ ಛಾವಣಿ, ಶಹಾಬಾದ್ ಕಲ್ಲಿನ ನೆಲ ಇರುವ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ; ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ಅಲ್ಲೇ ಸಂಭಾಷಣೆ ಕಲಸಿಹೋಗುವುದು. ನೆಲಕ್ಕೆ ಜಮಖಾನ, ಅದರ ಮೇಲೆ ಒಂದೆರಡು ಕೌದಿ, ಸ್ಪೀಕರಿನ ಎದುರು ಗೋಡೆಗೆ ಒಂದು ಕಂಬಳಿ. ಮತ್ತೆ ಚಪ್ಪಾಳೆ ತಟ್ಟಿ. ವ್ಯತ್ಯಾಸ ನಿಮಗೇ ಕೇಳಿಸುತ್ತದೆ.

ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್, ಚಾರ್ಜರ್‌ಗಳ ಪುಟ್ಟ ಕೆಂಪು, ನೀಲಿ ದೀಪಗಳಿಗೆ ಕಪ್ಪು ಟೇಪಿನ ಒಂದು ಚೂರು ಅಂಟಿಸಿ. ಬಾಗಿಲಿನ ದಾರಿಯನ್ನು ಮಾತ್ರ ತೆರವಾಗಿಡಿ, ಕತ್ತಲಲ್ಲಿ ಯಾರೂ ಎಡವಬಾರದು.

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರುಗಳಲ್ಲಿ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂರಲಾಗದು. ಆಗ ಮಾಳಿಗೆ ಹತ್ತಿ. ಬಿಳಿ ಬಟ್ಟೆಯನ್ನು ಹಗ್ಗಕ್ಕೆ ಸುಮ್ಮನೆ ಇಳಿಬಿಟ್ಟರೆ ಗಾಳಿಗೆ ಚಿತ್ರವೂ ಅಲ್ಲಾಡುತ್ತದೆ. ನಾಲ್ಕೂ ಮೂಲೆಯನ್ನು ಬಿಗಿದು ಕಟ್ಟಬೇಕು, ಕೆಳಗಿನ ಅಂಚಿಗೆ ಬಿದಿರ ಗಳ ಹೊಲಿಯಬೇಕು. ಪಂಚಾಂಗವನ್ನೂ ಒಮ್ಮೆ ನೋಡಿ. ಹುಣ್ಣಿಮೆಯ ಆಸುಪಾಸು ಬೇಡ, ಬೆಳದಿಂಗಳು ಪರದೆಯನ್ನು ತೊಳೆದುಬಿಡುತ್ತದೆ. ಬಹುಳ ಅಷ್ಟಮಿ ಕಳೆದ ಮೇಲೆ ಚಂದ್ರ ಹುಟ್ಟುವುದು ನಡುರಾತ್ರಿಯ ನಂತರವೇ. ಅಮಾವಾಸ್ಯೆಯ ದಿನ ಬೇಡವೆಂದು ಮನೆಯವರು ಹೇಳಿದರೆ ಅದಕ್ಕಿಂತ ಮೂರು ನಾಲ್ಕು ದಿನ ಮುಂಚಿನ ರಾತ್ರಿ ಇಟ್ಟುಕೊಳ್ಳಿ, ಕತ್ತಲಿಗೆ ಕೊರತೆಯಿಲ್ಲ.

3. ಟಿವಿ, ಪ್ರೊಜೆಕ್ಟರ್ ಸರಿಮಾಡಿಕೊಳ್ಳುವುದು

ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೌಲಭ್ಯ ತಾನಾಗಿಯೇ ಚಾಲೂ ಆಗಿರುತ್ತದೆ. ಸಿನಿಮಾ ಇರುವುದು ಸೆಕೆಂಡಿಗೆ 24 ಚಿತ್ರದಂತೆ. ಈ ಸೌಲಭ್ಯ ನಡುವೆ ಇಲ್ಲದ ಚಿತ್ರಗಳನ್ನು ತಾನೇ ಸೃಷ್ಟಿಸಿ ತುಂಬುತ್ತದೆ, ಎಲ್ಲವೂ ಧಾರಾವಾಹಿಯಂತೆ ಜಾರಿಕೊಂಡು ಹೋಗುತ್ತದೆ. ಅದನ್ನು ಬಂದ್ ಮಾಡಿ. ಚಿತ್ರದ ಬಗೆ ಆರಿಸುವಲ್ಲಿ "ಸಿನಿಮಾ" ಅಥವಾ "ಫಿಲ್ಮ್‌ಮೇಕರ್" ಇಡಿ, "ವಿವಿಡ್" ಬೇಡ.

ಹಳೆಯ ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರದವು, ಟಿವಿಯ ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ದುಡ್ಡು ಕೊಟ್ಟ ಪರದೆ ಖಾಲಿ ಇದೆಯಲ್ಲ ಎಂದು ಅದನ್ನು ಎಳೆದು ತುಂಬಿಸಬೇಡಿ. ಮುಖಗಳೆಲ್ಲ ಅಗಲವಾಗಿ ಚಿತ್ರ ಕೆಡುತ್ತದೆ.

ಪ್ರೊಜೆಕ್ಟರ್ ಕೊಳ್ಳುವವರಿಗೆ ಎರಡು ಎಚ್ಚರಿಕೆ. ಬೆಳಕಿನ ಅಳತೆಗೆ ಲುಮೆನ್ ಎನ್ನುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ದೊಡ್ಡ ಸಂಖ್ಯೆಗೆ ಮರುಳಾಗದೆ "ಆನ್ಸಿ ಲುಮೆನ್" ಎಷ್ಟು ಎಂದು ಕೇಳಿ, ಅದು ಒಂದು ಗೊತ್ತಾದ ಕ್ರಮದಲ್ಲಿ ಅಳೆದದ್ದು. ಎರಡನೆಯದು, "1080ಪಿ ಬೆಂಬಲಿಸುತ್ತದೆ" ಎಂದರೆ ಚುಕ್ಕಿಗಳ 1080 ಸಾಲಿರುವ ಕಡತವನ್ನು ಓದಬಲ್ಲದು ಎಂದಷ್ಟೇ; ತೋರಿಸುವಾಗ ಅದಕ್ಕಿಂತ ಎಷ್ಟೋ ಕಡಿಮೆ ಚುಕ್ಕಿಗಳಲ್ಲಿ ತೋರಿಸಬಹುದು. "ನೇಟಿವ್", ಅಂದರೆ ಅದು ನಿಜವಾಗಿ ತೋರಿಸುವ ಚುಕ್ಕಿಗಳು, ಎಷ್ಟು ಎಂಬುದನ್ನು ಕೇಳಿಯೇ ದುಡ್ಡು ಕೊಡಿ.

4. ಸದ್ದು

ಟಿವಿಯೊಳಗಿನ ಸ್ಪೀಕರ್ ಸಾಮಾನ್ಯವಾಗಿ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ. ಸಾಧಾರಣ ಬೆಲೆಯ ಒಂದು ಜೊತೆ ಸ್ಪೀಕರನ್ನು ಪರದೆಯ ಎರಡೂ ಬದಿಗೆ, ಕೂತವರ ಕಿವಿಯ ಎತ್ತರಕ್ಕೆ ಇಟ್ಟರೆ ಸಾಕು. ಬ್ಲೂಟೂತ್‌ಗಿಂತ ತಂತಿ ಒಳ್ಳೆಯದು, ಬ್ಲೂಟೂತ್‌ನಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದುಂಟು.

ಕೂಲರ್ ಇರುವ ಮನೆಗಳಲ್ಲಿ ಒಂದು ಗಂಟೆ ಮುಂಚೆ ಹಚ್ಚಿ ಕೋಣೆ ತಂಪು ಮಾಡಿಕೊಂಡು, ಚಿತ್ರ ಶುರುವಾಗುವಾಗ ಬಂದ್ ಮಾಡಿ. ಫ್ಯಾನ್ ಮೆಲ್ಲಗೆ ತಿರುಗುತ್ತಿರಲಿ.

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 1962ರ 'ಕಾರ್ನಿವಲ್ ಆಫ್ ಸೋಲ್ಸ್' ಚಿತ್ರದ ನಾಯಕಿ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಸೇತುವೆಯಿಂದ ಕಾರು ಹೊಳೆಗೆ ಬಿದ್ದಾಗ ಬದುಕಿ ಬಂದವಳು. ಒಂದು ಬಟ್ಟೆಯಂಗಡಿಗೆ ಹೋಗಿರುತ್ತಾಳೆ. ಇದ್ದಕ್ಕಿದ್ದಂತೆ ಸುತ್ತಲಿನ ಸದ್ದೆಲ್ಲ ಅಡಗುತ್ತದೆ. ಅಂಗಡಿಯವಳಿಗೆ ಇವಳ ಮಾತು ಕೇಳುವುದಿಲ್ಲ, ಇವಳು ಕಾಣುವುದೂ ಇಲ್ಲ. ಬೀದಿಗೆ ಬಂದರೆ ವಾಹನಗಳಿವೆ, ಜನರಿದ್ದಾರೆ, ಸದ್ದಿಲ್ಲ. ಕೊನೆಗೆ ಪಾರ್ಕಿನಲ್ಲಿ ಹಕ್ಕಿಯ ದನಿಯೊಂದಿಗೆ ಲೋಕ ಮರಳುತ್ತದೆ. ರಕ್ತವಿಲ್ಲ, ದೆವ್ವವಿಲ್ಲ, ಸದ್ದನ್ನು ಕಿತ್ತುಕೊಂಡದ್ದಷ್ಟೇ. ನಮ್ಮ ಕೋಣೆಯಲ್ಲಿ ಈ ದೃಶ್ಯ ಬಂದಾಗ ಸ್ಪೀಕರ್ ಕೆಟ್ಟಿತೆಂದು ಒಬ್ಬರು ತಂತಿ ನೋಡಲು ಎದ್ದರು. ಅರ್ಧ ದಾರಿಯಲ್ಲಿ ವಿಷಯ ಹೊಳೆದು ಹಾಗೆಯೇ ನಿಂತುಬಿಟ್ಟರು. ಕೂಲರ್ ಗೊರಗುಟ್ಟುತ್ತಿದ್ದರೆ ಆ ನಿಶ್ಶಬ್ದ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

5. ಚಿತ್ರವನ್ನು ಸರಿಯಾದ ದಾರಿಯಲ್ಲಿ ಪಡೆಯುವುದು

ಕದ್ದ ಪ್ರತಿ ಕೊಡುವ ತಾಣಗಳಿಗೆ ಹೋಗಬೇಡಿ. ಅಲ್ಲಿ ಸಿಗುವ "ಪ್ಲೇಯರ್" ಆ್ಯಪ್‌ಗಳ ಜೊತೆ ಮೊಬೈಲಿಗೆ ಏನೇನು ಇಳಿಯುತ್ತದೆ ಎಂಬುದು ನಿಮಗೆ ಕಾಣುವುದಿಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವುದಕ್ಕೂ, ಕದ್ದ ಪ್ರತಿಯನ್ನು ಲಾಭಕ್ಕಾಗಿ ಸಾರ್ವಜನಿಕವಾಗಿ ತೋರಿಸುವುದಕ್ಕೂ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ.

ನ್ಯಾಯವಾಗಿ ಉಚಿತವಾಗಿ ಸಿಗುವುದೇ ಬೇಕಾದಷ್ಟಿದೆ. "ಹಕ್ಕುಮುಕ್ತ" ಎಂದರೆ ಹಕ್ಕಿನ ಅವಧಿ ಮುಗಿದು ಎಲ್ಲರ ಸೊತ್ತಾದ ಕೃತಿ. ಭಾರತದ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಅದು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ. ಕೆಲವು ಚಿತ್ರಗಳು ತಪ್ಪಿನಿಂದ ಹಕ್ಕುಮುಕ್ತವಾದವು. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರಕ್ಕೆ ಮೊದಲು ಬೇರೆ ಹೆಸರಿತ್ತು; ಹಂಚಿಕೆದಾರರು ಹೆಸರು ಬದಲಿಸಿದಾಗ ಹಕ್ಕಿನ ಸೂಚನೆಯನ್ನು ಹಾಕಲು ಮರೆತರು. ಆಗಿನ ಅಮೆರಿಕದ ಕಾನೂನಿಗೆ ಅದೊಂದು ಸಾಲು ಕಡ್ಡಾಯವಾಗಿತ್ತು. ಹೆಣಗಳು ಎದ್ದು ಬರುವ ಚಿತ್ರಗಳ ಇಡೀ ಪರಂಪರೆಗೆ ಅಡಿಪಾಯ ಹಾಕಿದ ಜಾರ್ಜ್ ರೊಮೆರೊಗೂ ಗೆಳೆಯರಿಗೂ ತಮ್ಮ ಚಿತ್ರದ ಗಳಿಕೆಯಲ್ಲಿ ಸಿಗಬೇಕಾದ ಪಾಲು ಹೀಗೆ ಕೈತಪ್ಪಿತು. ಆ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ.

ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಭಂಡಾರದಲ್ಲಿ ಇಂಥವು ಸಿಗುತ್ತವೆ. ರಷ್ಯಾದ ಮೊಸ್‌ಫಿಲ್ಮ್ ಸಂಸ್ಥೆ ತನ್ನ ಹಳೆಯ ಚಿತ್ರಗಳಲ್ಲಿ ಹಲವನ್ನು ತನ್ನದೇ ಯೂಟ್ಯೂಬ್ ಚಾನೆಲಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಹಿತ ಇಟ್ಟಿದೆ. ಉಳಿದವಕ್ಕೆ ಒಟಿಟಿ ಇದೆ. ಎಲ್ಲದಕ್ಕೂ ವರ್ಷದ ಚಂದಾ ಕಟ್ಟದೆ, ನೋಡುವ ತಿಂಗಳು ಒಂದಕ್ಕೆ ಮಾತ್ರ ಕಟ್ಟಿ, ಪಟ್ಟಿ ಮಾಡಿಟ್ಟುಕೊಂಡದ್ದನ್ನು ನೋಡಿ ಮುಗಿಸಿ.

ಮನೆಯೊಳಗೆ ಗೆಳೆಯರು, ಬಂಧುಗಳ ಜೊತೆ ನೋಡುವುದು ಬೇರೆ, ಸಮುದಾಯ ಭವನದಲ್ಲಿ ಟಿಕೆಟ್ ಇಟ್ಟು ತೋರಿಸುವುದು ಬೇರೆ. ಎರಡನೆಯದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಗುಂಪು ದೊಡ್ಡದಾದರೆ 1959ರಲ್ಲಿ ಹುಟ್ಟಿದ ಭಾರತೀಯ ಫಿಲ್ಮ್ ಸೊಸೈಟಿಗಳ ಒಕ್ಕೂಟದಡಿ ಒಂದು ಸೊಸೈಟಿ ಕಟ್ಟುವುದನ್ನು ಯೋಚಿಸಿ. ಬಳ್ಳಾರಿ, ರಾಯಚೂರಿನಂಥ ಕಾಲೇಜುಗಳಿರುವ ಊರಲ್ಲಿ ಇದು ಆಗದ ಕೆಲಸವೇನಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಪ್ರತಿಯ ಆಯ್ಕೆಯಲ್ಲಿ. ಒಂದೇ ಚಿತ್ರದ ಹತ್ತು ಪ್ರತಿಗಳಿರುತ್ತವೆ, ಮೊದಲು ಕಂಡದ್ದನ್ನು ಒತ್ತಿಬಿಡುತ್ತೇವೆ. 1973ರ ಬ್ರಿಟಿಷ್ ಚಿತ್ರ 'ದಿ ವಿಕರ್ ಮ್ಯಾನ್' ಬೇರೆ ಬೇರೆ ಉದ್ದದ ಹಲವು ರೂಪಗಳಲ್ಲಿದೆ. 'ನೈಟ್ ಆಫ್ ದಿ ಲಿವಿಂಗ್ ಡೆಡ್'ಗೆ ಯಾರೋ ಆಮೇಲೆ ಬಣ್ಣ ಹಚ್ಚಿದ ಪ್ರತಿಗಳಿವೆ, ಅವನ್ನು ಮುಟ್ಟಬೇಡಿ. ಎಲ್ಲಕ್ಕಿಂತ ದೊಡ್ಡ ಮೋಸ ಆಗುವುದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನಲ್ಲಿ. ಆ ಕಾಲದಲ್ಲಿ ರಾತ್ರಿಯ ದೃಶ್ಯವನ್ನು ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮಿಗೆ ನೀಲಿ ಛಾಯೆ ಕೊಡುತ್ತಿದ್ದರು. ನೀಲಿ ಎಂದರೆ ರಾತ್ರಿ ಎಂದು ಪ್ರೇಕ್ಷಕರಿಗೆ ಗೊತ್ತಿತ್ತು. ಛಾಯೆ ಹೋದ ಬರೀ ಕಪ್ಪುಬಿಳುಪಿನ ಪ್ರತಿಯಲ್ಲಿ ಸೂರ್ಯನ ಬೆಳಕು ತಾಗಿದರೆ ಸಾಯಬೇಕಾದ ರಕ್ತಪಿಶಾಚಿ ಹಾಡಹಗಲೇ ಹೆಣದ ಪೆಟ್ಟಿಗೆ ಹೊತ್ತು ಓಡಾಡುತ್ತದೆ! ಕಥೆಯೇ ಅರ್ಥವಾಗುವುದಿಲ್ಲ. ಛಾಯೆ ಉಳಿಸಿದ, ದುರಸ್ತಿ ಮಾಡಿದ, ಒಂದೂವರೆ ಗಂಟೆಯಷ್ಟಿರುವ ಪ್ರತಿ ಹುಡುಕಿ. ಅದಕ್ಕಿಂತ ತೀರಾ ಚಿಕ್ಕದಿದ್ದರೆ ಕತ್ತರಿಸಿರುತ್ತಾರೆ, ಇಲ್ಲವೇ ಓಟದ ವೇಗದಲ್ಲಿ ತಿರುಗಿಸಿರುತ್ತಾರೆ. ಮೂಕಿಚಿತ್ರ ಹಳೆಯದಾದರೂ ಅದಕ್ಕೆ ಹೊಸದಾಗಿ ಕೂಡಿಸಿದ ಸಂಗೀತಕ್ಕೆ ಹಕ್ಕು ಇರಬಹುದು ಎಂಬುದೂ ನೆನಪಿರಲಿ.

ಈ ಚಿತ್ರ ಉಳಿದದ್ದೇ ಒಂದು ಕಥೆ. 'ಡ್ರಾಕುಲಾ' ಕಾದಂಬರಿಯನ್ನು ಒಪ್ಪಿಗೆ ಪಡೆಯದೆ ಚಿತ್ರ ಮಾಡಿದರೆಂದು ಲೇಖಕನ ಹೆಂಡತಿ ಮೊಕದ್ದಮೆ ಹೂಡಿದರು, ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕೆಂದು ಜರ್ಮನಿಯ ನ್ಯಾಯಾಲಯ 1925ರಲ್ಲಿ ಆದೇಶಿಸಿತು. ದೇಶ ದಾಟಿ ಹೋಗಿದ್ದ ಪ್ರತಿಗಳಿಂದ ಅದು ಬದುಕಿತು.

6. ಭಾಷೆಯ ತೊಡಕು

ಪರದೆಯ ಕೆಳಗೆ ಬರುವ ಮಾತಿನ ಬರಹವೇ ಸಬ್‌ಟೈಟಲ್. ಡಬ್ ಮಾಡಿದ ಪ್ರತಿಗಿಂತ ಇದು ಯಾವಾಗಲೂ ಮೇಲು, ಏಕೆಂದರೆ ಡಬ್ಬಿಂಗ್‌ನಲ್ಲಿ ಮೊದಲು ಹಾಳಾಗುವುದು ಉಸಿರು, ನರಳಿಕೆ, ಪಿಸುಮಾತು. ಭಯ ಇರುವುದೂ ಅವುಗಳಲ್ಲೇ. ಕನ್ನಡ ಸಬ್‌ಟೈಟಲ್ ಸಿಗುವುದು ವಿರಳ, ಆದರೆ ಮಾಡಿಕೊಳ್ಳುವುದು ಕಷ್ಟವಲ್ಲ. ಎಸ್‌ಆರ್‌ಟಿ ಕಡತ ಎಂದರೆ ಸಾದಾ ಬರಹದ ಕಡತ: ಕ್ರಮಸಂಖ್ಯೆ, ಕೆಳಗಿನ ಸಾಲಿನಲ್ಲಿ ಶುರು ಮತ್ತು ಕೊನೆಯ ಸಮಯ, ಅದರ ಕೆಳಗೆ ಮಾತು. ಇಂಗ್ಲಿಷ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಸಮಯದ ಸಾಲು ಮುಟ್ಟದೆ, ಮಾತನ್ನು ಮಾತ್ರ ಕನ್ನಡ ಮಾಡಿ. ಉಳಿಸುವಾಗ "ಯುಟಿಎಫ್-8" ಆರಿಸಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟುತ್ತವೆ. ಕಡತಕ್ಕೆ ಸಿನಿಮಾದ ಹೆಸರನ್ನೇ ಇಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿದರೆ ವಿಎಲ್‌ಸಿ ಪ್ಲೇಯರ್ ತಾನೇ ಎತ್ತಿಕೊಳ್ಳುತ್ತದೆ. ಮಾತಿಗೂ ಬರಹಕ್ಕೂ ಹೊಂದಿಕೆ ತಪ್ಪಿದರೆ ಕಂಪ್ಯೂಟರಿನಲ್ಲಿ ಜಿ ಕೀಲಿ ಒತ್ತಿದಾಗ ಬರಹ ಮುಂಚೆ ಬರುತ್ತದೆ, ಎಚ್ ಒತ್ತಿದಾಗ ತಡವಾಗಿ ಬರುತ್ತದೆ.

ಓದಲು ಬಾರದ ಹಿರಿಯರಿದ್ದರೆ ಮೂಕಿಚಿತ್ರವೇ ಉತ್ತಮ. ಮಾತಿನ ಫಲಕ ಬಂದಾಗಲೆಲ್ಲ ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಇದು ಹೊಸ ಉಪಾಯವಲ್ಲ. ಜಪಾನಿನಲ್ಲಿ ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವ "ಬೆನ್ಶಿ" ಎಂಬ ಕಲಾವಿದರೇ ಇದ್ದರು. ನಮ್ಮಲ್ಲಂತೂ ತೊಗಲುಗೊಂಬೆಯ ಆಟದಲ್ಲಿ ಪರದೆಯ ಹಿಂದಿನಿಂದ ದನಿ ಬರುತ್ತದೆ, ಮುಂದೆ ನೆರಳು ಕುಣಿಯುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಗೊಂಬೆಯಾಟ ನೋಡಿ ಬೆಳೆದ ಕಣ್ಣಿಗೆ 'ನೊಸ್ಫೆರಾಟು'ವಿನ ಒಂದು ದೃಶ್ಯ ತೀರಾ ಹತ್ತಿರದ್ದು: ಪಿಶಾಚಿಯ ಮೈ ಕಾಣುವುದಿಲ್ಲ, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಅದರ ನೆರಳು ಮಾತ್ರ ಏರುತ್ತದೆ, ನೀಳ ಬೆರಳುಗಳು ಬಾಗಿಲಿನ ಕಡೆ ಚಾಚುತ್ತವೆ. ಓದುವವರು ಅಲ್ಲಿ ಸುಮ್ಮನಿರಬೇಕು. ಫಲಕಗಳನ್ನು ಹಿಂದಿನ ದಿನವೇ ನೋಟ್‌ಬುಕ್ಕಿನಲ್ಲಿ ಕನ್ನಡ ಮಾಡಿ ಬರೆದಿಟ್ಟುಕೊಳ್ಳಿ. ಸ್ಥಳದಲ್ಲೇ ಅನುವಾದ ಮಾಡಲು ಹೊರಟರೆ ತೊದಲುತ್ತೀರಿ, ಚಿತ್ರ ಮುಂದೆ ಓಡಿರುತ್ತದೆ.

7. ಯಾವುದು ಮೊದಲು, ಯಾವುದು ಆಮೇಲೆ

ಎಲ್ಲಕ್ಕಿಂತ ವಿಚಿತ್ರವಾದುದರಿಂದ ಶುರು ಮಾಡುವುದೇ ಹೊಸಬರು ಮಾಡುವ ತಪ್ಪು. ಕಳೆದ ಕೆಲವು ತಿಂಗಳಲ್ಲಿ ನಾವು ಮತ್ತೆ ನೋಡಿದವುಗಳಿಂದ ಆರಿಸಿ, ನನಗೆ ಸರಿಯೆನಿಸಿದ ಕ್ರಮದಲ್ಲಿ ಹೇಳುತ್ತೇನೆ.

ಮೊದಲ ವಾರ ಕನ್ನಡದ್ದೇ ಇರಲಿ. ಅನಂತ್ ನಾಗ್, ಲಕ್ಷ್ಮಿ ನಟಿಸಿದ 1979ರ 'ನಾ ನಿನ್ನ ಬಿಡಲಾರೆ', ಅಥವಾ ಉಪೇಂದ್ರ ನಿರ್ದೇಶಿಸಿದ 1993ರ 'ಶ್!'. ಮನೆಯವರೆಲ್ಲ ಕೂತು ನೋಡಬಹುದು, ಕೋಣೆಯ ಕತ್ತಲು, ಸದ್ದು ಸರಿಯಿದೆಯೇ ಎಂದು ಪರೀಕ್ಷೆಯೂ ಆಗುತ್ತದೆ.

ಎರಡನೆಯ ವಾರ ದೊಡ್ಡವರು ಮಾತ್ರ ಕೂತು 'ತುಂಬಾಡ್'. ಉದ್ದಕ್ಕೂ ಮಳೆ, ಕೆಸರು, ನಿಧಿಯ ಆಸೆ.

ಮೂರನೆಯದು 1967ರ ಸೋವಿಯತ್ ಚಿತ್ರ 'ವಿಯ್', ಹಳೆಯ ರಷ್ಯನ್ ಲೇಖಕ ಗೊಗೊಲ್‌ನ ಕಥೆ. ಸತ್ತ ಹುಡುಗಿಯ ಹೆಣದ ಪಕ್ಕ ಮೂರು ರಾತ್ರಿ ಪ್ರಾರ್ಥನೆ ಓದಬೇಕಾದ ವಿದ್ಯಾರ್ಥಿ ತನ್ನ ಸುತ್ತ ಸೀಮೆಸುಣ್ಣದ ಗೆರೆ ಕೊರೆದುಕೊಳ್ಳುತ್ತಾನೆ. ಗೆರೆಯ ಒಳಗಿರುವವರೆಗೆ ಅವಳು ಮುಟ್ಟಲಾರಳು. ಲಕ್ಷ್ಮಣರೇಖೆ ಗೊತ್ತಿರುವ ನಮ್ಮವರಿಗೆ ಒಂದು ಮಾತನ್ನೂ ವಿವರಿಸಬೇಕಾಗಿಲ್ಲ. ಮಾಟಗಾತಿ, ಮೂರು ರಾತ್ರಿ, ದಾಟಬಾರದ ಗೆರೆ, ಇವೆಲ್ಲ ನಮ್ಮ ಅಜ್ಜಿಕಥೆಗಳಲ್ಲೂ ಇವೆ. ಒಂದೂಕಾಲು ಗಂಟೆಯಷ್ಟು ಹೊತ್ತಿನದಾದ್ದರಿಂದ ಯಾರಿಗೂ ಬೇಸರವಾಗದು. ಈ ಪಟ್ಟಿಯಲ್ಲಿ ನಾನು ಕಣ್ಣುಮುಚ್ಚಿ ಶಿಫಾರಸು ಮಾಡುವುದು ಇದನ್ನೇ.

ನಾಲ್ಕನೆಯದು ಮೇಲೆ ಹೇಳಿದ 'ಕಾರ್ನಿವಲ್ ಆಫ್ ಸೋಲ್ಸ್'. ಅದರ ನಿರ್ದೇಶಕ ಹರ್ಕ್ ಹಾರ್ವಿ ಅಮೆರಿಕದ ಕಾನ್ಸಾಸ್‌ನಲ್ಲಿ ಶಾಲೆಗಳಿಗೆ, ಕಾರ್ಖಾನೆಗಳಿಗೆ ಪಾಠದ ಚಿತ್ರ ಮಾಡಿಕೊಡುತ್ತಿದ್ದವನು. ಯೂಟಾದ ಉಪ್ಪುಸರೋವರದ ದಡದಲ್ಲಿ ಪಾಳುಬಿದ್ದ ಸಾಲ್ಟೇರ್ ಎಂಬ ವಿಹಾರಮಂದಿರ ಕಣ್ಣಿಗೆ ಬಿದ್ದದ್ದೇ ಚಿತ್ರಕ್ಕೆ ಬೀಜವಾಯಿತು. ರಜೆ ಹಾಕಿ, ಅತಿ ಕಡಿಮೆ ದುಡ್ಡಿನಲ್ಲಿ ತೆಗೆದ. ನಾಯಕಿಯನ್ನು ಬೆನ್ನಟ್ಟುವ ಬಿಳಿಚಿದ ಮುಖದ ಮನುಷ್ಯನ ಪಾತ್ರವನ್ನೂ ತಾನೇ ಮಾಡಿದ. ಕಥಾಚಿತ್ರವೆಂದು ಅವನು ನಿರ್ದೇಶಿಸಿದ್ದು ಇದೊಂದೇ. ಐದನೆಯದು 'ನೊಸ್ಫೆರಾಟು'.

ಆರನೆಯದು ಜಪಾನಿನ ಮಸಾಕಿ ಕೊಬಾಯಾಶಿಯ 'ಕ್ವೈದಾನ್', 1965ರಲ್ಲಿ ಕಾನ್ ಚಿತ್ರೋತ್ಸವದ ವಿಶೇಷ ತೀರ್ಪುಗಾರರ ಬಹುಮಾನ ಪಡೆದದ್ದು. ಮೂರು ಗಂಟೆ, ನಾಲ್ಕು ಕಥೆ. ಒಂದೇ ರಾತ್ರಿ ಮುಗಿಸುವ ಹಟ ಬೇಡ, ಎರಡೆರಡು ಕಥೆ ಮಾಡಿ ಎರಡು ರಾತ್ರಿ ನೋಡಿ. ಆಕಾಶವನ್ನೂ ಬಣ್ಣ ಬಳಿದು ಮಾಡಿದ್ದಾರೆ. ಹಿಮದ ರಾತ್ರಿಯ ಕಥೆಯಲ್ಲಿ ಆ ಆಕಾಶಕ್ಕೆ ಕಣ್ಣುಗಳಿವೆ. ಮೂರನೆಯ ಕಥೆಯ ಹೋಯಿಚಿ ಕುರುಡ, ಬಿವಾ ಎಂಬ ತಂತಿವಾದ್ಯ ನುಡಿಸಿಕೊಂಡು ಯುದ್ಧದ ಕಥೆ ಹಾಡುವವನು. ಆ ಯುದ್ಧದಲ್ಲಿ ಸತ್ತವರೇ ಅವನನ್ನು ರಾತ್ರಿಯ ಹೊತ್ತು ಕರೆಸಿಕೊಂಡು ಹಾಡಿಸುತ್ತಾರೆ. ಅವನನ್ನು ಕಾಪಾಡಲು ಮಠದವರು ಮೈತುಂಬ ಪವಿತ್ರಾಕ್ಷರ ಬರೆಯುತ್ತಾರೆ, ಕಿವಿಗಳಿಗೆ ಬರೆಯುವುದನ್ನು ಮರೆಯುತ್ತಾರೆ.

ಏಳನೆಯದು 1977ರ ಜಪಾನಿ ಚಿತ್ರ 'ಹೌಸ್'. ಜಾಹೀರಾತು ಚಿತ್ರಗಳಿಂದ ಬಂದ ನೊಬುಹಿಕೊ ಒಬಾಯಾಶಿ ತನ್ನ ಪುಟ್ಟ ಮಗಳು ಹೇಳಿದ ಭ್ರಮೆಗಳನ್ನೇ ಕಥೆಗೆ ತಂದ. ಪಿಯಾನೋ ಹುಡುಗಿಯೊಬ್ಬಳನ್ನು ತಿನ್ನುತ್ತದೆ. ಜನ ನಗುತ್ತಾರೆ, ನಗಲಿ. ಮೊದಲ ವಾರವೇ ಇದನ್ನು ಹಾಕಿದರೆ ಹುಚ್ಚಾಟವೆಂದು ಎದ್ದುಹೋಗುತ್ತಾರೆ. ಆರು ಚಿತ್ರ ಕಂಡ ಕಣ್ಣಿಗೆ ಆ ಹುಚ್ಚಾಟದ ಕೆಳಗಿನ ಯುದ್ಧದ ದುಃಖವೂ ಕಾಣುತ್ತದೆ. ಆಮೇಲೆ ಮಲಯಾಳಕ್ಕೆ ಬನ್ನಿ: ಮಮ್ಮೂಟ್ಟಿ ನಟಿಸಿದ 2024ರ 'ಭ್ರಮಯುಗಂ', ಪೂರ್ತಿ ಕಪ್ಪುಬಿಳುಪು.

ಒಂದು ಚಿತ್ರವನ್ನು ಮಾತ್ರ ಬೇಡವೆನ್ನುತ್ತೇನೆ. 1980ರ ಇಟಲಿಯ 'ಕ್ಯಾನಿಬಲ್ ಹೊಲೊಕಾಸ್ಟ್' ಕಲ್ಟ್ ಪಟ್ಟಿಗಳಲ್ಲೆಲ್ಲ ಇರುತ್ತದೆ. ಅದರಲ್ಲಿ ಕ್ಯಾಮೆರಾದ ಮುಂದೆ ಪ್ರಾಣಿಗಳನ್ನು ನಿಜವಾಗಿ ಕೊಂದಿದ್ದಾರೆ. ಅದನ್ನು ಮನೆಗೆ ತರಬೇಡಿ.

8. ನೋಡುವ ರಾತ್ರಿ

ಊಟ ಎಂಟಕ್ಕೆ ಮುಗಿಯಲಿ, ಎಂಟೂವರೆಗೆ ಶುರುಮಾಡಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಎಲ್ಲ ಚಿತ್ರಕ್ಕಿಂತ ಮೊದಲೇ. ನಿಶ್ಶಬ್ದದ ದೃಶ್ಯದಲ್ಲಿ ಹುರಿಗಡಲೆ ಕಡಿಯುವ ಒಂದು ಸದ್ದು ಸಾಕು ಎಲ್ಲವೂ ಕೆಡಲು. ಮೊಬೈಲ್‌ಗಳನ್ನು ಬಾಗಿಲ ಬಳಿ ಒಂದು ಬುಟ್ಟಿಯಲ್ಲಿ ಹಾಕಿಸಿ. ಟ್ರೇಲರ್ ತೋರಿಸಬೇಡಿ, ಅದು ಒಳ್ಳೆಯ ದೃಶ್ಯಗಳನ್ನೆಲ್ಲ ಮೊದಲೇ ಉಗುಳಿಬಿಡುತ್ತದೆ.

ಚಿತ್ರವನ್ನು ಮೊದಲೇ ಇಳಿಸಿಟ್ಟುಕೊಂಡು, ಮಧ್ಯಾಹ್ನ ಐದು ನಿಮಿಷ ಓಡಿಸಿ ನೋಡಿ. ರಾತ್ರಿ ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಪ್ರೊಜೆಕ್ಟರ್ ನಡೆಯುವುದಿಲ್ಲ; ಇನ್ವರ್ಟರ್ ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನು ತಿಳಿದಿರಿ. ಕರೆಂಟ್ ಹತ್ತು ನಿಮಿಷದಲ್ಲಿ ಬರದಿದ್ದರೆ ಅಂದಿಗೆ ನಿಲ್ಲಿಸಿ, ಮರುದಿನ ಮೊದಲಿನಿಂದ ಹಾಕಿ. ಅರ್ಧದಿಂದ ಮುಂದುವರಿಸಿದರೆ ಭಯ ಮತ್ತೆ ಕಟ್ಟಿಕೊಳ್ಳುವುದಿಲ್ಲ.

ಯಾರಾದರೂ ಎದ್ದುಹೋದರೆ ಹಾಗೆಯೇ ಬಿಡಿ. ತಡೆಯುವುದು, ಕೀಟಲೆ ಮಾಡುವುದು ಬೇಡ. ಹಿಂದಿನಿಂದ ಭುಜ ಹಿಡಿದು ಹೆದರಿಸುವ ಆಟವನ್ನಂತೂ ಯಾರೂ ಆಡಕೂಡದು. ಹಾಗೆ ಹೆದರಿದವರು ಮುಂದಿನ ವಾರ ಬರುವುದಿಲ್ಲ.

9. ಮುಗಿದ ಮೇಲೆ

ಕೊನೆಯ ಹೆಸರುಗಳೆಲ್ಲ ಬಂದು ಹೋಗಲಿ. ದೊಡ್ಡ ದೀಪ ಹಾಕದೆ ಮೂಲೆಯಲ್ಲೊಂದು ಸಣ್ಣ ದೀಪ ಹಚ್ಚಿ. ಹೇಗಿತ್ತು ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಯಾವ ಗಳಿಗೆಯಲ್ಲಿ ಮೈ ಜುಮ್ಮೆಂದಿತು, ಆಗ ಪರದೆಯ ಮೇಲೆ ಏನಿತ್ತು, ಕಿವಿಗೆ ಏನು ಕೇಳುತ್ತಿತ್ತು ಎಂದು ಕೇಳಿ. ಒಬ್ಬೊಬ್ಬರ ಉತ್ತರವನ್ನೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದಿಡಿ. ನಾಲ್ಕು ವಾರದ ಪುಟಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಗುಂಪು ನೆರಳಿಗೆ ಹೆದರುವುದೋ, ಸದ್ದಿಗೋ, ಕಥೆಯ ಯೋಚನೆಗೋ ಎಂಬುದು ತಿಳಿಯುತ್ತದೆ. ಮುಂದಿನ ಚಿತ್ರವನ್ನು ಅದರಂತೆ ಆರಿಸಿ.

ಲ್ಯಾಂಪ್ ಇರುವ ಪ್ರೊಜೆಕ್ಟರ್ ಆಗಿದ್ದರೆ ಗೋಡೆಯ ಸ್ವಿಚ್ಚನ್ನು ಕೂಡಲೇ ಆರಿಸಬೇಡಿ. ರಿಮೋಟಿನಲ್ಲಿ ಬಂದ್ ಮಾಡಿ, ಒಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ, ಇಲ್ಲದಿದ್ದರೆ ಲ್ಯಾಂಪ್ ಬೇಗ ಸುಟ್ಟುಹೋಗುತ್ತದೆ. ಕಂಬಳಿಗಳನ್ನು ಬಿಚ್ಚಿ, ಬೆಳಿಗ್ಗೆ ಬಿಸಿಲಿಗೆ ಹಾಕಲು ಕಟ್ಟೆಯ ಮೇಲೆ ತೆಗೆದಿಡಿ. ಒಂಟಿಯಾಗಿ ಮನೆಗೆ ಹೋಗಬೇಕಾದವರಿದ್ದರೆ ಓಣಿಯ ತಿರುವಿನವರೆಗೆ ಯಾರಾದರೂ ಜೊತೆಗೆ ಹೋಗಿ ಬನ್ನಿ.